ಕೀ ಕೊಡುವ ವಾಚು, ಚಾರ್ಜ್ ಮಾಡುವ ವಾಚು

ನಾಲ್ಕೈದು ವರ್ಷದ ಹಿಂದೆ ಕೊಂಡ ಸ್ಮಾರ್ಟ್ ವಾಚು ಈಗ ದಿನ ಪೂರ್ತಿ ನಡೆಯುವುದಿಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ ಕೈಗೆ ಕಟ್ಟಿಕೊಂಡು ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬಂದು, ಕೆಲಸ ಮುಗಿಸಿ ಹಿಂದಿರುಗುವಷ್ಟರಲ್ಲಿ ಅದರ ಪರದೆ ಕಪ್ಪಾಗಿರುತ್ತದೆ. ಅಂಗಡಿಗೆ ಒಯ್ದರೆ ರಿಪೇರಿಯ ಮಾತೇ ಇಲ್ಲ. 'ಇದರ ಕಾಲ ಮುಗೀತು, ಹೊಸದು ತಗೊಳ್ಳಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ ಮನೆಯ ಬೀರುವಿನಲ್ಲಿ ಅಜ್ಜನ ಕಾಲದ ಎಚ್.ಎಂ.ಟಿ. ವಾಚೊಂದು ಬಿದ್ದಿರುವುದುಂಟು. ನಾಲ್ಕು ಸುತ್ತು ಕೀ ಕೊಟ್ಟರೆ ಅದು ಟಿಕ್ ಟಿಕ್ ಎನ್ನತೊಡಗುತ್ತದೆ.

ಐವತ್ತು ವರ್ಷದ್ದು ನಡೆಯುತ್ತದೆ, ಐದು ವರ್ಷದ್ದು ನಿಲ್ಲುತ್ತದೆ. ಹಾಗಾದರೆ ಕೈಯಲ್ಲಿರುವುದನ್ನೇ ಹೇಗೋ ನಡೆಸಿಕೊಂಡು ಹೋಗಬೇಕೆ, ಇಲ್ಲ ಸಾವಿರಾರು ರೂಪಾಯಿ ತೆತ್ತು ಹೊಸದಕ್ಕೆ ಬದಲಾಗಬೇಕೆ? ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷಗಳನ್ನು ಕಂಡ ಊರುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹೊಸ ಪ್ರಶ್ನೆಯೂ ಅಲ್ಲ. ಹಿಂದೊಮ್ಮೆ ಇದೇ ಪ್ರಶ್ನೆ ಕರ್ನಾಟಕದ ಅಸಂಖ್ಯ ಮನೆಗಳ ಮುಂದೆಯೂ, ಆ ಮನೆಗಳಿಗೆ ವಾಚು ಮಾಡಿಕೊಟ್ಟ ಕಾರ್ಖಾನೆಯ ಮುಂದೆಯೂ ಒಟ್ಟಿಗೇ ಬಂದು ನಿಂತಿತ್ತು. ಎರಡೂ ಕಡೆಯ ಉತ್ತರ ಹೆಚ್ಚುಕಡಿಮೆ ಒಂದೇ: ಹಳೆಯದೇ ಇರಲಿ. ಮನೆಗಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಕಾರ್ಖಾನೆ ಮಾತ್ರ ಮುಚ್ಚಿಹೋಯಿತು.

ನೆರಳಿನ ಹೊತ್ತು, ಬಸ್ಸಿನ ಹೊತ್ತು

ಕಾಲದ ಲೆಕ್ಕಕ್ಕೆ ಈ ಸೀಮೆಯಲ್ಲಿ ಬಹಳ ಹಳೆಯ ಸಾಕ್ಷಿ ಉಂಟು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅದರಲ್ಲಿ 256 ಎಂಬ ಅಂಕಿ ಕಾಣುತ್ತದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ರಾತ್ರಿಗಳನ್ನು ಎಣಿಸಿ ಲೆಕ್ಕ ಇಡುವವರಿಗೆ ನಿಮಿಷದ ಹಂಗಿರಲಿಲ್ಲ. ಆಮೇಲಿನ ಎರಡು ಸಾವಿರ ವರ್ಷವೂ ಹೊಲದಲ್ಲಿ ದುಡಿಯುವವರಿಗೆ ಬೇಕಾದ ಹೊತ್ತನ್ನು ನೆರಳೇ ಹೇಳುತ್ತಿತ್ತು.

ನೆರಳಿಗೂ ಗಡಿಯಾರಕ್ಕೂ ತಕರಾರು ಶುರುವಾದದ್ದು ರೈಲು ಮತ್ತು ಸರ್ಕಾರಿ ಕಚೇರಿಗಳ ದೆಸೆಯಿಂದ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂತು. ಅದು ಅನುಸರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು. ಚಳ್ಳಕೆರೆ ಇರುವುದು ಅಲ್ಲಿಂದ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ, ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 23 ನಿಮಿಷ ಆಗಿರುತ್ತದೆ. ನೆರಳು ನೋಡಿ ಹೊತ್ತು ಹೇಳುವವರ ಲೆಕ್ಕ ತಪ್ಪಾಗಿರಲಿಲ್ಲ, ಆದರೂ ಅವರಿಗೆ ಬಸ್ಸು ತಪ್ಪುತ್ತಿತ್ತು! ದೂರದ ಯಾವುದೋ ಊರಿನ ಸೂರ್ಯನ ಹೊತ್ತನ್ನು ಇಲ್ಲಿ ತಿಳಿಯಲು ಒಂದು ಯಂತ್ರ ಬೇಕಾಯಿತು. ಅದು ಮೊದಲು ಕಚೇರಿಯ ಗೋಡೆಗೆ ಬಂತು, ಆಮೇಲೆ ಉಳ್ಳವರ ಜೇಬಿಗೆ, ಕೊನೆಗೆ ಎಲ್ಲರ ಕೈಗೆ.

ಎಲ್ಲರ ಕೈಗೆ ತಂದ ಕೀರ್ತಿ ಎಚ್.ಎಂ.ಟಿ.ಯದು.

ತುಮಕೂರಿನ ವಾಚು

ಹಿಂದೂಸ್ಥಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಗಡಿಯಾರಕ್ಕಾಗಿ ಅಲ್ಲ, ಯಂತ್ರ ಮಾಡುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಅದು ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ವಿದೇಶಿ ವಾಚುಗಳ ಆಮದಿಗೆ ಕಟ್ಟುನಿಟ್ಟಿದ್ದ ಕಾಲ ಅದು. ಜನತಾ, ಪೈಲಟ್, ಜವಾನ್, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಚಳ್ಳಕೆರೆಯಿಂದ ಹಿರಿಯೂರು, ಶಿರಾ ಹಾದು ಬೆಂಗಳೂರಿಗೆ ಹೋಗುವವರು ತುಮಕೂರಿನ ಮೇಲೇ ಹೋಗಬೇಕು. ಹೀಗಾಗಿ ಈ ಭಾಗದವರಿಗೆ ಕೈಯ ವಾಚು ಎಲ್ಲೋ ದೂರದ ಸರಕಲ್ಲ, ದಾರಿಯಲ್ಲಿ ಸಿಗುವ ಊರಿನದು ಎನ್ನಬಹುದಿತ್ತು.

ಮದುವೆಯಲ್ಲಿ ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೊ ಕೊಡುವ ಪದ್ಧತಿ ಆಗ ಜೋರಾಗಿತ್ತು. ಕಾಂಚನ್ ವಾಚಿಗಾಗಿ ಬೀಗರ ಮನೆಯಲ್ಲಿ ಮುನಿಸು ಹುಟ್ಟಿದ್ದೂ ಉಂಟು. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ ಅಪ್ಪ ತನ್ನ ಕೈಯಿಂದಲೇ ಬಿಚ್ಚಿ ಕಟ್ಟಿದ ವಾಚುಗಳೂ ಇವೆ. ಒಮ್ಮೆ ಕೊಂಡರೆ ಅದು ಜೀವಮಾನದ ವಸ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅದು ಹೇಗೆ ಅಷ್ಟು ಬಾಳಿಕೆ ಬಂತು? ಜನತಾ ವಾಚಿನ ಹಿಂಬದಿಯ ಮುಚ್ಚಳ ತೆಗೆದರೆ ಕಾಣುವುದು ಒಂದು ಸುರುಳಿ ಸ್ಪ್ರಿಂಗಿನ ಪೆಟ್ಟಿಗೆ, ಹಲ್ಲಿನ ಚಕ್ರಗಳ ಸಾಲು, ಅತ್ತಿಂದಿತ್ತ ಓಲಾಡುವ ಒಂದು ಚಕ್ರ. ಕೀ ಕೊಟ್ಟಾಗ ಸ್ಪ್ರಿಂಗು ಬಿಗಿಯುತ್ತದೆ, ಆಮೇಲೆ ದಿನವಿಡೀ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಓಲಾಡುವ ಚಕ್ರದ ಲೆಕ್ಕ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಸವೆತ ಹೆಚ್ಚಾಗುವ ಕಡೆಗಳಲ್ಲಿ 17 ಕೃತಕ ಮಾಣಿಕ್ಯದ ಹರಳುಗಳು. ಇದರಲ್ಲಿ ಕಾರ್ಖಾನೆ ಬಚ್ಚಿಟ್ಟುಕೊಂಡ ಗುಟ್ಟೇನೂ ಇರಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ವಾಚು ರಿಪೇರಿಯವರು ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಹನಿ ಎಣ್ಣೆ ಬಿಟ್ಟು ಮತ್ತೆ ಜೋಡಿಸಿ ಕೊಡುತ್ತಿದ್ದರು. ಬಯಲುಸೀಮೆಯ ದೂಳು ಒಳಗೆ ಹೋದರೆ ವಾಚು ನಿಲ್ಲುತ್ತಿತ್ತು, ಸಾಯುತ್ತಿರಲಿಲ್ಲ. ಒಂದು ಚಕ್ರ ಮುರಿದರೆ ಕೆಟ್ಟುಹೋದ ಇನ್ನೊಂದು ಎಚ್.ಎಂ.ಟಿ.ಯಿಂದ ಅದನ್ನು ತೆಗೆದು ಹಾಕುವುದೂ ನಡೆಯುತ್ತಿತ್ತು.

ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವ ಕೈಮಗ್ಗದ ಗುಣವೂ ಇದೇ. ಲಾಳಿ ಸವೆದರೆ ಬೇರೆ ಲಾಳಿ, ಮರ ಸೀಳಿದರೆ ಊರ ಬಡಗಿ. ಒಂದು ಭಾಗ ಹೋಯಿತೆಂದು ಯಾರೂ ಮಗ್ಗವನ್ನೇ ಎಸೆಯುವುದಿಲ್ಲ.

ಹರಳಿನ ಹೊಡೆತ

1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೀಕೊ ಕಂಪೆನಿ 'ಆಸ್ಟ್ರಾನ್' ಎಂಬ ವಾಚನ್ನು ಮಾರಾಟಕ್ಕೆ ತಂದಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್. ಆ ಹಣಕ್ಕೆ ಆಗ ಜಪಾನಿನಲ್ಲಿ ಸಣ್ಣ ಕಾರು ಬರುತ್ತಿತ್ತು. ಅದರೊಳಗೆ ಓಲಾಡುವ ಚಕ್ರದ ಬದಲು ಕ್ವಾರ್ಟ್ಸ್ ಹರಳು ಇತ್ತು. ಸಣ್ಣ ವಿದ್ಯುತ್ ಹರಿಸಿದರೆ ಈ ಹರಳು ನಡುಗುತ್ತದೆ. ಇಂದಿನ ಕ್ವಾರ್ಟ್ಸ್ ವಾಚುಗಳಲ್ಲಿ ಅದು ನಡುಗುವುದು ಸೆಕೆಂಡಿಗೆ 32,768 ಸಲ. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ಸೆಕೆಂಡಿನ ಮುಳ್ಳನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತದೆ. ಕೀ ಕೊಡುವ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಆಶ್ಚರ್ಯವಿಲ್ಲ. ಕ್ವಾರ್ಟ್ಸ್ ಅಷ್ಟು ತಪ್ಪಲು ಒಂದೆರಡು ತಿಂಗಳು ಬೇಕು.

ಬೆಲೆ ಬಹುಬೇಗ ಇಳಿಯಿತು. ಗಡಿಯಾರಕ್ಕೇ ಹೆಸರಾಗಿದ್ದ ಸ್ವಿಟ್ಜರ್ಲೆಂಡಿನಲ್ಲಿ 1970ರ ಸುಮಾರಿಗೆ ತೊಂಬತ್ತು ಸಾವಿರದಷ್ಟಿದ್ದ ಈ ಕಸಬಿನ ಉದ್ಯೋಗಗಳು 1980ರ ದಶಕದ ನಡುವಿಗೆ ಮೂರನೆಯ ಒಂದು ಪಾಲಿಗೆ ಕುಸಿದವು.

ಎಚ್.ಎಂ.ಟಿ.ಗೆ ಕ್ವಾರ್ಟ್ಸ್ ಗೊತ್ತೇ ಇರಲಿಲ್ಲ ಎಂದು ಹೇಳುವವರುಂಟು. ಅದು ಸರಿಯಲ್ಲ. 1980ರ ದಶಕದ ಆರಂಭದಲ್ಲೇ ಅದು ಕ್ವಾರ್ಟ್ಸ್ ವಾಚು ಮಾಡಿತ್ತು. ಆದರೆ ಕೀ ಕೊಡುವ ವಾಚುಗಳು ಮಾಡಿದಷ್ಟೂ ಖರ್ಚಾಗುತ್ತಿದ್ದವು. ಕಾರ್ಖಾನೆಗಳು, ಯಂತ್ರಗಳು, ಕೆಲಸಗಾರರ ಕೈ ಎಲ್ಲವೂ ಅದಕ್ಕೇ ಪಳಗಿದ್ದವು. ನಡೆಯುತ್ತಿರುವ ಎತ್ತನ್ನು ಬಿಟ್ಟು ಹೊಸ ಎತ್ತು ಕಟ್ಟಲು ಯಾರಿಗೆ ಮನಸ್ಸು ಬರುತ್ತದೆ? ಸರ್ಕಾರಿ ಸಂಸ್ಥೆಯಲ್ಲಿ ಅಂಥ ತೀರ್ಮಾನ ಇನ್ನೂ ನಿಧಾನ.

ಅಷ್ಟರಲ್ಲಿ ಗಡಿಯ ಆಚೆ, ಕನ್ನಡದ ಮಾತು ಇಂದಿಗೂ ಕೇಳುವ ಹೊಸೂರಿನಲ್ಲಿ, ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಉದ್ಯಮ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟಾನ್ ಕಂಪೆನಿ ಕ್ವಾರ್ಟ್ಸನ್ನೇ ನೆಚ್ಚಿ ಹೊರಟಿತು. ಅದರ ಮೊದಲ ಮಳಿಗೆ 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ತೆರೆಯಿತು, ಎಚ್.ಎಂ.ಟಿ.ಯ ಅಂಗಳದಲ್ಲೇ ಎನ್ನಿ. ತೆಳುವಾದ, ಸೊಗಸಾದ, ಕೀ ಕೊಡುವ ಗೋಜಿಲ್ಲದ ವಾಚನ್ನು ಜನ ಒಪ್ಪಿದರು. 1991ರ ನಂತರ ಪೇಟೆ ಇನ್ನಷ್ಟು ತೆರೆದುಕೊಂಡಿತು. 2000ದಲ್ಲಿ ವಾಚು ವಿಭಾಗವನ್ನು ಪ್ರತ್ಯೇಕ ಕಂಪೆನಿ ಮಾಡಿದರೂ ನಷ್ಟ ನಿಲ್ಲಲಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಉಳಿದಿದ್ದ ವಾಚುಗಳಿಗೆ ಆಗ ಜನ ಮುಗಿಬಿದ್ದರು. ಇಷ್ಟು ಪ್ರೀತಿ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಂದು ಅಲ್ಲಿ ದುಡಿದವರಿಗೆ ಅನಿಸಿದ್ದರೆ ತಪ್ಪೇನು? ಮಾತೃಸಂಸ್ಥೆ ಸಣ್ಣ ಪ್ರಮಾಣದಲ್ಲಿ ವಾಚು ಮಾರುವುದನ್ನು ಬಿಟ್ಟಿಲ್ಲ. ಆದರೆ ಅದನ್ನು ಹುಡುಕಿಕೊಂಡು ಹೋಗುವವರು ಹೆಚ್ಚಾಗಿ ಸಂಗ್ರಹದ ಹುಚ್ಚು ಹತ್ತಿದವರು.

ಚಳ್ಳಕೆರೆಗೆ ಈ ಕಥೆ ಅಪರಿಚಿತವೇನಲ್ಲ. ಎಣ್ಣೆ ಗಿರಣಿಗಳಿಂದ 'ಎರಡನೆಯ ಮುಂಬಯಿ' ಎನಿಸಿಕೊಂಡಿದ್ದ ಊರು ಅದು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಯ ಗಿರಣಿಗಳಿಗೆ ಬಂದ ಕಷ್ಟವನ್ನು ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ಮನೆಗಳ ಕಡೆ ನೋಡೋಣ. 1987ರಲ್ಲಿ ಕೈಯಲ್ಲಿ ಜನತಾ ಇದ್ದವನು ಕ್ವಾರ್ಟ್ಸ್ ಬಂತೆಂದು ಓಡಿಹೋಗಿ ಕೊಳ್ಳದಿದ್ದರೆ ಕಳೆದುಕೊಂಡದ್ದೇನು? ಏನೂ ಇಲ್ಲ. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಅರ್ಧ ನಿಮಿಷದ ವ್ಯತ್ಯಾಸ ಲೆಕ್ಕಕ್ಕಿಲ್ಲ, ಏಕೆಂದರೆ ಬಸ್ಸು ಬರುವುದೇ ಹತ್ತು ನಿಮಿಷ ತಡವಾಗಿ. ಕಾಯ್ದವನಿಗೆ ಲಾಭವೇ ಆಯಿತು. ಕ್ವಾರ್ಟ್ಸ್ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಒಂದೆರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಗುಂಡಿ ಸೆಲ್ಲು ಸಣ್ಣ ಊರುಗಳಲ್ಲೂ ಸಿಗತೊಡಗಿತು. ಮಾರುವವನು ಕಾಯುವಂತಿರಲಿಲ್ಲ, ಕಟ್ಟುವವನು ಕಾಯಬಹುದಿತ್ತು. ಹಳೆಯದನ್ನು ಬಿಡುವ ವಿಚಾರದಲ್ಲಿ ಇವೆರಡೂ ಬೇರೆ ಬೇರೆ ತೀರ್ಮಾನಗಳು. ಇವನ್ನು ಒಂದೇ ಎಂದು ನಂಬಿಸುವುದರಲ್ಲಿ ಜಾಹೀರಾತಿನ ಜಾಣತನವಿದೆ.

ಕಾಯುವ ಸ್ವಾತಂತ್ರ್ಯ

ಸ್ಮಾರ್ಟ್ ವಾಚಿನಲ್ಲಿ ಬದಲಾಗಿರುವುದು ಈ ಕಾಯುವ ಸ್ವಾತಂತ್ರ್ಯ. ಎಚ್.ಎಂ.ಟಿ. ವಾಚು ಯಾವಾಗ ಹಳೆಯದಾಯಿತು ಎಂದು ಹೇಳುತ್ತಿದ್ದವನು ಅದನ್ನು ಕಟ್ಟಿಕೊಂಡವನು, ಇಲ್ಲವೇ ಪೇಟೆಯ ರಿಪೇರಿಯವನು. ಸ್ಮಾರ್ಟ್ ವಾಚಿನ ವಿಚಾರದಲ್ಲಿ ಅದನ್ನು ಹೇಳುವವು ಎರಡು: ಒಳಗಿನ ಬ್ಯಾಟರಿ, ಮತ್ತು ದೂರದಲ್ಲಿರುವ ಕಂಪೆನಿ.

ಬ್ಯಾಟರಿಯದು ರಸಾಯನಶಾಸ್ತ್ರದ ಮಾತು. ಲಿಥಿಯಂ ಅಯಾನ್ ಬ್ಯಾಟರಿ ಚಾರ್ಜ್ ಆಗಿ ಖಾಲಿಯಾದ ಪ್ರತಿ ಸಲವೂ ತನ್ನ ಶಕ್ತಿಯನ್ನು ಇಷ್ಟಿಷ್ಟೇ ಕಳೆದುಕೊಳ್ಳುತ್ತದೆ. ಕೆಲವು ನೂರು ಸಲದ ನಂತರ ಅದು ಐದರಲ್ಲಿ ನಾಲ್ಕು ಪಾಲಿಗೆ ಇಳಿಯುವುದು ಸಾಮಾನ್ಯ. ದಿನಕ್ಕೊಮ್ಮೆ ಚಾರ್ಜ್ ಕೇಳುವ ವಾಚು ಎರಡು ವರ್ಷದಲ್ಲಿ ಏಳುನೂರು ಸಲ ದಾಟುತ್ತದೆ. ಬಿಸಿಲು ಈ ಸವೆತವನ್ನು ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ಬೈಕಿನ ಪೆಟ್ಟಿಗೆಯಲ್ಲೋ ಕಾರಿನ ಗಾಜಿನ ಹಿಂದೆಯೋ ಬಿಟ್ಟುಹೋದ ವಾಚಿಗೆ ಆಯಸ್ಸು ಕಡಿಮೆ. ಇದು ಕೆಟ್ಟುಹೋಗುವುದಲ್ಲ, ಸವೆಯುವುದು. ಚಪ್ಪಲಿಯ ಅಟ್ಟೆ ಸವೆದ ಹಾಗೆ. ಅಟ್ಟೆ ಬದಲಿಸಿದರೆ ಚಪ್ಪಲಿ ನಡೆಯಬೇಕಷ್ಟೆ? ಆದರೆ ಬಹುಪಾಲು ಸ್ಮಾರ್ಟ್ ವಾಚುಗಳನ್ನು ನೀರು ಹೋಗದಂತೆ ಅಂಟು ಹಾಕಿ ಮುಚ್ಚಿರುತ್ತಾರೆ. ತೆಗೆಯುವಾಗ ಪರದೆ ಒಡೆಯುವ ಭಯ, ಮುಚ್ಚಿದ ಮೇಲೆ ಮೊದಲಿನಂತೆ ನೀರು ತಡೆಯುವ ಭರವಸೆ ಇಲ್ಲ. ಒಂದೆರಡು ಸಾವಿರ ರೂಪಾಯಿಯ ವಾಚಿಗೆ ಈ ಕೆಲಸದ ಕೂಲಿಯೇ ಭಾರವಾಗುತ್ತದೆ. ಗಾಜಿನ ಪೆಟ್ಟಿಗೆಯ ಹಿಂದೆ ಕೂತ ರಿಪೇರಿಯವರು ಕೈ ಚೆಲ್ಲುವುದು ಅವರಿಗೆ ಕಸಬು ಬಾರದೆ ಅಲ್ಲ.

ಕಂಪೆನಿಯ ಕೈವಾಡ ಇನ್ನೂ ಸೂಕ್ಷ್ಮ. ಆಪಲ್ ಕಂಪೆನಿ 2015ರಲ್ಲಿ ತನ್ನ ಮೊದಲ ಸ್ಮಾರ್ಟ್ ವಾಚನ್ನು ತಂದಾಗ ಅದರಲ್ಲಿ 18 ಕ್ಯಾರೆಟ್ ಚಿನ್ನದ್ದೂ ಒಂದಿತ್ತು. ಬೆಲೆ ಹತ್ತು ಸಾವಿರ ಡಾಲರಿನಿಂದ ಶುರು. 2018ರಲ್ಲಿ ಬಂದ ಹೊಸ ತಂತ್ರಾಂಶ ಆ ಮೊದಲ ತಲೆಮಾರಿನ ವಾಚುಗಳಿಗೆ ಸಿಗಲಿಲ್ಲ, ಚಿನ್ನದ್ದಕ್ಕೂ ಸಿಗಲಿಲ್ಲ. ಮೂರೂವರೆ ವರ್ಷದಲ್ಲಿ ಚಿನ್ನ ಹಾಗೇ ಇತ್ತು, ವಾಚು ಹಳೆಯದಾಯಿತು. ಅಜ್ಜಿಯ ಕಾಸಿನ ಸರ ಕಂಡವರಿಗೆ ಇದು ವಿಚಿತ್ರವಾಗಿ ತೋರೀತು.

ಪೆಬಲ್ ಎಂಬ ಇನ್ನೊಂದು ವಾಚಿನ ಕಥೆ ಸ್ವಾರಸ್ಯವಾಗಿದೆ. 2012ರಲ್ಲಿ ಜನರಿಂದಲೇ ಮುಂಗಡ ಹಣ ಎತ್ತಿ, ಒಂದು ಕೋಟಿ ಡಾಲರ್ ಮೀರಿ ಸಂಗ್ರಹಿಸಿ ಹುಟ್ಟಿದ ವಾಚು ಅದು. 2016ರಲ್ಲಿ ಕಂಪೆನಿ ಫಿಟ್‌ಬಿಟ್ ಪಾಲಾಯಿತು. 2018ರ ಜೂನ್ ಕೊನೆಗೆ ಅದರ ಸೇವೆಗಳು ನಿಂತವು. ವಾಚು ಕೈಯಲ್ಲಿ ಸರಿಯಾಗಿಯೇ ಇದ್ದರೂ ಅದರ ಅರ್ಧ ಜೀವ ಹೋದಂತಾಯಿತು. ಆಗ ಅದನ್ನು ಕಟ್ಟುತ್ತಿದ್ದವರೇ ಕೆಲವರು ಸೇರಿ 'ರೆಬಲ್' ಎಂಬ ಹೆಸರಿನಲ್ಲಿ ಬದಲಿ ಸೇವೆ ನಡೆಸಿ ವಾಚನ್ನು ಉಳಿಸಿಕೊಂಡರು. ಫಿಟ್‌ಬಿಟ್ಟನ್ನು ಕೊಂಡಿದ್ದ ಗೂಗಲ್ 2025ರ ಜನವರಿಯಲ್ಲಿ ಪೆಬಲ್ ತಂತ್ರಾಂಶದ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ಒಳಗಿನದು ಕಾಣುವಂತಿದ್ದರೆ ಸ್ಮಾರ್ಟ್ ವಾಚಿಗೂ ರಿಪೇರಿಯವರು ಹುಟ್ಟುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ತೆಗೆದು ಸರಿ ಮಾಡಲಾಗದ ಗಡಿಯಾರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇಸ್ರೊ ಅನುಭವ ನೋಡಬೇಕು. 2013ರಿಂದ ಹಾರಿಸಿದ ನಮ್ಮ ನಾವಿಕ್ ಉಪಗ್ರಹಗಳಲ್ಲಿ ಒಂದೊಂದರಲ್ಲೂ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಹೊತ್ತು ಕರಾರುವಾಕ್ಕಾಗಿದ್ದರೆ ಮಾತ್ರ ಉಪಗ್ರಹ ನೆಲದ ಮೇಲಿನ ಜಾಗವನ್ನು ಸರಿಯಾಗಿ ಹೇಳಬಲ್ಲದು. ವಿದೇಶದಿಂದ ತರಿಸಿದ ಆ ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರಕ್ಕೆ ಮೂರೂ ಕೈಕೊಟ್ಟವು. ಬದಲಿಗೆ 2017ರ ಆಗಸ್ಟಿನಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಮೇಲಿನ ಕವಚ ಕಳಚಿಕೊಳ್ಳದೆ ವ್ಯರ್ಥವಾಯಿತು. 2018ರ ಏಪ್ರಿಲಿನಲ್ಲಿ ಇನ್ನೊಂದನ್ನು ಕಳಿಸಬೇಕಾಯಿತು. 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಮೊದಲ ಬಾರಿಗೆ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. ಎಚ್.ಎಂ.ಟಿ. ಮುಚ್ಚಿದ ಮೇಲೆ ಅದರ ತುಮಕೂರಿನ ಜಾಗ ಸೇರಿದ್ದು ಇದೇ ಇಸ್ರೊಗೆ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನಲ್ಲೂ ಇಸ್ರೊಗೆ ನೆಲ ಸಿಕ್ಕಿದೆ. ದನ ಕುರಿ ಮೇಯಿಸುವ ಕಾವಲು ಕಳೆದುಕೊಂಡ ಹಳ್ಳಿಗಳ ಅಳಲು ಬೇರೆಯೇ ಒಂದು ಲೇಖನದ ವಸ್ತು.

ಯಾವಾಗ ಬಿಡಬೇಕು?

ಹೊಸ ಮಾದರಿ ಬಂತು ಎಂಬುದು ಹಳೆಯದನ್ನು ಬಿಡಲು ಕಾರಣವಲ್ಲ. ಎಚ್.ಎಂ.ಟಿ. ಕಟ್ಟಿದ್ದವರ ಅನುಭವದಲ್ಲಿ ಇದು ಆಗಲೇ ಸ್ಪಷ್ಟವಾಗಿದೆ. ನೋಡಬೇಕಾದದ್ದು ಹಳೆಯದಕ್ಕೆ ಆಧಾರವಾಗಿರುವುದು ಇನ್ನೂ ಉಳಿದಿದೆಯೇ ಎಂಬುದನ್ನು. ಬರೀ ಬ್ಯಾಟರಿ ಸವೆದಿದ್ದರೆ, ವಾಚು ಬೆಲೆಬಾಳುವುದಾಗಿದ್ದು ಕಂಪೆನಿಯ ಸೇವಾಕೇಂದ್ರ ಬ್ಯಾಟರಿ ಬದಲಿಸುವುದಾದರೆ, ಹೊಸದರ ಬೆಲೆಯ ಸಣ್ಣ ಪಾಲಿನಲ್ಲಿ ಇನ್ನೆರಡು ವರ್ಷ ದಕ್ಕುತ್ತದೆ. ಪರದೆ ಸದಾ ಉರಿಯುವುದನ್ನು ನಿಲ್ಲಿಸಿದರೆ, ಬೇಡದ ಸೂಚನೆಗಳನ್ನು ಮುಚ್ಚಿದರೆ ಸವೆದ ಬ್ಯಾಟರಿಯೂ ಸಂಜೆಯವರೆಗೆ ಎಳೆಯುವುದುಂಟು. ಕಂಪೆನಿ ತಂತ್ರಾಂಶ ಕೊಡುವುದನ್ನೇ ನಿಲ್ಲಿಸಿ, ಹೊಸ ಫೋನಿಗೆ ವಾಚು ಜೋಡಣೆಯಾಗದಿದ್ದರೆ ಮಾತು ಬೇರೆ. ಆಗ ಅದನ್ನು ಬರೀ ಗಡಿಯಾರವಾಗಿ ಕಟ್ಟಬಹುದಷ್ಟೆ.

ವಾಚು ಯಾವ ಕೆಲಸಕ್ಕೆ ಬೇಕು ಎಂಬುದೂ ಮುಖ್ಯ. ಹೊತ್ತು, ಹೆಜ್ಜೆಯ ಲೆಕ್ಕ, ಫೋನ್ ಬಂದರೆ ಸೂಚನೆ, ಇಷ್ಟಕ್ಕೆ ಐದು ವರ್ಷದ ಹಳೆಯದು ಧಾರಾಳ. ಹೃದಯದ ತೊಂದರೆ ಇರುವವರಿಗೆ ವೈದ್ಯರು ಸೂಚಿಸಿದ್ದರೆ ಅದು ಬೇರೆ ಲೆಕ್ಕ. ಆದರೆ ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತದೆ ಎಂದು ಹೇಳಿ ಮಾರುವ ವಾಚುಗಳನ್ನು ನಂಬಬೇಡಿ. ಅಂಥ ಯಾವ ವಾಚಿಗೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತ್ತು. ಸಕ್ಕರೆ ಕಾಯಿಲೆಯವರು ಆ ಅಂಕಿ ನೋಡಿ ಮಾತ್ರೆ, ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ.

ಹೊಸದನ್ನು ಕೊಳ್ಳುವುದೇ ಆದರೆ ಕೇಳಬೇಕಾದ ಎರಡು ಮಾತುಗಳನ್ನು ಅಂಗಡಿಗಳಲ್ಲಿ ಯಾರೂ ಕೇಳುವುದಿಲ್ಲ. ಎಷ್ಟು ವರ್ಷ ತಂತ್ರಾಂಶ ಬರುತ್ತದೆ? ಬ್ಯಾಟರಿ ಹೋದರೆ ಬದಲಿಸುವವರು ಯಾವ ಊರಿನಲ್ಲಿದ್ದಾರೆ? ವಸ್ತುಗಳನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿದ್ದು ಇಂಥ ಪ್ರಶ್ನೆಗಳಿಂದಲೇ.

ಹಳೆಯ ವಾಚನ್ನು ಕೊಟ್ಟುಬಿಡುವ ಮುನ್ನ ಅದರಲ್ಲಿರುವ ವಿವರಗಳನ್ನು ಅಳಿಸಿ ಫೋನಿನಿಂದ ಬಿಡಿಸಬೇಕು. ಯಾರದೋ ನಾಡಿ, ನಿದ್ದೆ, ಓಡಾಡಿದ ದಾರಿ ಎಲ್ಲವೂ ಅದರೊಳಗೆ ಇರುತ್ತದೆ. ಮನೆಯ ಕಸದ ಬುಟ್ಟಿಗೆ ಅದನ್ನು ಎಸೆಯಬಾರದು, ಏಕೆಂದರೆ ಜಜ್ಜಿಹೋದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸರಕಿನ ಮರುಬಳಕೆಯ ಹೊಣೆ ತಯಾರಕರದು. ಇ-ತ್ಯಾಜ್ಯ ಬಿಡಿಸಿ ಲೋಹ ತೆಗೆಯುವ, ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಘಟಕ 'ಇ-ಪರಿಸರ' 2005ರಲ್ಲಿ ಶುರುವಾದದ್ದು ದಾಬಸ್‌ಪೇಟೆಯಲ್ಲಿ. ಚಳ್ಳಕೆರೆಯಿಂದ ಬೆಂಗಳೂರಿನ ದಾರಿ ಹಿಡಿದರೆ ಅದು ಸಿಗುವುದು ತುಮಕೂರು ದಾಟಿದ ಮೇಲೆ.